ಗುಡ್ಡ ದಾಟಿದ ಕಲ್ಲು

ಕೊಟ್ಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಶಾಂಭವಿಗೆ ಹುಡುಗರು ಇಟ್ಟ ಹೆಸರು ಮೆಣಸಿನಕಾಯಿ ಮೇಡಂ. ಸುಮ್ಮನೆ ಇಟ್ಟಿದ್ದಲ್ಲ. ಉರು ಹೊಡೆದು ಒಪ್ಪಿಸಿದವನನ್ನು ಆಕೆ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

"ಹಾರೋ ಕಲ್ಲು ಡೊಂಕಾಗಿ ಹೋಗತೈತಿ ಅಂದ್ರ, ಅದು ಒಮ್ಮೆಲೆ ಎರಡು ಕೆಲಸ ಮಾಡಾಕ ಹತ್ತೈತಿ. ಮುಂದಕ್ಕ ಹೋಗೂದು ಒಂದು, ಮ್ಯಾಲೇರಿ ಇಳಿಯೂದು ಇನ್ನೊಂದು. ಎರಡನ್ನೂ ಬ್ಯಾರೆ ಬ್ಯಾರೆ ಲೆಕ್ಕ ಹಾಕ್ರಿ, ಆಮ್ಯಾಲೆ ಕೂಡಿಸ್ರಿ!" ಎಂದು ಹಲಗೆಯ ಮೇಲೆ ಅಡ್ಡಗೆರೆ, ನೆಟ್ಟಗೆರೆ ಎಳೆಯುವಾಗ ಸೀಮೆಸುಣ್ಣ ಮುರಿದು ಮುಂದಿನ ಬೆಂಚಿಗೆ ಸಿಡಿಯುತ್ತಿತ್ತು.

ಹೆಣ್ಣು ನೋಡಲು ಬಂದ ಹರಪನಹಳ್ಳಿಯ ಗಂಡಿನ ಕಡೆಯವರು "ನೌಕರಿ ಬಿಡಿಸ್ತೀರಿ ತಾನೆ?" ಎಂದು ಅಪ್ಪನನ್ನು ಕೇಳಿದ್ದಕ್ಕೆ, ಇನ್ನೂ ಯಾರೂ ಮುಟ್ಟದ ಚಹಾದ ತಟ್ಟೆಯನ್ನು ಹಾಗೇ ಒಳಗೆ ಒಯ್ದವಳು ಆಕೆ. ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಸಿಟ್ಟು ಮಾತ್ರ ಮುಗಿಯಲಿಲ್ಲ, ಮತ್ತು ಅದು ಮುಗಿಯಬೇಕಾದ ಸಿಟ್ಟೂ ಆಗಿರಲಿಲ್ಲ.

ತೊಂಬತ್ತೆಂಟರಲ್ಲಿ, ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಕೂಡ್ಲಿಗಿ ಕಡೆಯ ಹಟ್ಟಿಯಿಂದ ಸುದ್ದಿ ಬಂತು. ಆಕೆಯ ಅಪ್ಪನ ಹೊಲ ಮಾಡುತ್ತಿದ್ದ ಈರಕ್ಕನ ಮನೆಯ ಹಂಚು ಒಡೆದು ಕಲ್ಲೊಂದು ಒಳಗೆ ಬಿದ್ದಿದೆ, ಈರಕ್ಕನ ತೋಳು ಮುರಿದಿದೆ ಎಂದು. ತಪ್ಪು ಹೊತ್ತವಳು ಪಕ್ಕದ ಮನೆಯ ಗೆಳತಿ ಭರಮಮ್ಮ. ಮನೆಯ ಹಿಂದಿನ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವವಳು ಆಕೆಯೇ ತಾನೆ? ಭರಮಮ್ಮ ಎಲ್ಲರೆದುರು ಕವಣೆ ಸುಟ್ಟು, ತಪ್ಪಾಯಿತೆಂದು ಗೆಳತಿಯ ಕಾಲು ಹಿಡಿಯಬೇಕೆಂದು ಹಿರಿಯರು ಮಾತಾಡಿಕೊಂಡಿದ್ದರು.

ಈರಕ್ಕನ ಮನೆಯ ಮುಂದೆ ಗುಡ್ಡ. ಗುಡ್ಡದ ಆಚೆ ಬದಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸುವ ಕಲ್ಲು ಕ್ವಾರಿ. ಅದರ ಒಡೆಯ ಏಕಾಂತಪ್ಪ ಪರಕೀಯನಲ್ಲ, ಶಾಂಭವಿಯ ಸ್ವಂತ ಚಿಕ್ಕಪ್ಪ. ಕಲ್ಲು ಬಿದ್ದ ದಿನವೇ ಅವನ ಆಳುಗಳು ಬಂದು "ನೋಡಿ ಕೊಡ್ತೀವಿ" ಎಂದು ಆ ಕಲ್ಲನ್ನು ಒಯ್ದಿದ್ದರು. ಕೊಡಲಿಲ್ಲ. ಇದನ್ನು ಕೇಳಿದಾಗಲೇ ಶಾಂಭವಿಯ ಮೈ ಉರಿಯಿತು.

ಕಲ್ಲು ಹೋದರೆ ಹೋಗಲಿ, ಬೇರೆ ದಾರಿ ಇದೆ ಎಂದುಕೊಂಡು ಬಸ್ಸು ಹತ್ತಿದಳು. ಹಂಚಿನ ತೂತಿನಿಂದ ನೇರ ಕೆಳಗೆ ದಾರ ಬಿಟ್ಟರೆ ಅದು ನೆಲ ಮುಟ್ಟುವ ಜಾಗ ಒಂದು, ಕಲ್ಲು ಬಿದ್ದು ಮಾಡಿದ ಕುಣಿ ಇನ್ನೊಂದು. ಕುಣಿ ಹೊಲದ ಕಡೆಗಿದ್ದರೆ ಕಲ್ಲು ಗುಡ್ಡದ ಕಡೆಯಿಂದ ಬಂದದ್ದು, ಗುಡ್ಡದ ಕಡೆಗಿದ್ದರೆ ಹೊಲದಿಂದ. ಮೇಲೆ ಎಷ್ಟೇ ಏರಿ ಇಳಿದಿರಲಿ, ಮುಂದಕ್ಕೆ ಹೋಗುವ ಓಟ ಹೊರಟ ದಿಕ್ಕನ್ನು ಬಿಡುವುದಿಲ್ಲ.

ಬಾಗಿಲು ದಾಟಿ ನೋಡಿದರೆ ನೆಲ ನುಣ್ಣಗೆ ಹೊಳೆಯುತ್ತಿತ್ತು. ರಕ್ತ ಬಿದ್ದ ಮನೆಯಲ್ಲಿ ನೆಲ ಸಾರಿಸದೆ ದೀಪ ಹಚ್ಚುವಂತಿಲ್ಲ. ಈರಕ್ಕ ಒಂದೇ ಕೈಯಲ್ಲಿ ಮಣ್ಣು ಮೆತ್ತಿ ಕುಣಿ ಮುಚ್ಚಿ, ಸಗಣಿ ಹಾಕಿ ಸಾರಿಸಿಬಿಟ್ಟಿದ್ದಳು.

"ಎಲ್ಲಿತ್ತು ಕುಣಿ? ನೆಪ್ಪು ಮಾಡ್ಕೊ!"

"ಇಲ್ಲೇ... ಅಲ್ಲ, ಒಲಿ ಕಡೆ ಇತ್ತೋ ಏನೋ. ಬೈಬ್ಯಾಡವ್ವ, ಮನಿ ಸೂತಕ ಕಳೀಬೇಕಿತ್ತು."

ಆ ಸಿಟ್ಟನ್ನು ಯಾರ ಮೇಲೆ ತೀರಿಸುವುದು? ಶಾಂಭವಿ ಕೈಯಲ್ಲಿದ್ದ ದಾರದುಂಡೆಯನ್ನು ಅಂಗಳಕ್ಕೆ ಎಸೆದಳು.

ಸಂಜೆ ದುರುಗಮ್ಮನ ಗುಡಿಯ ಮುಂದಿನ ಬಯಲಲ್ಲಿ ಜನ ಸೇರಿದರು. ಕವಣೆ ಸುಡಲು ಸೊಪ್ಪೆ ತಂದು ಗುಡ್ಡೆ ಹಾಕಿದ್ದರು. ಭರಮಮ್ಮ ಕವಣೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಈರಕ್ಕ ಕಟ್ಟಿದ ತೋಳಿನೊಂದಿಗೆ ದೂರ, ಮುಖ ತಿರುಗಿಸಿಕೊಂಡು. ಏಕಾಂತಪ್ಪ ಕುರ್ಚಿಯ ಮೇಲೆ.

"ಮದ್ದು ಕಲ್ಲನ್ನ ಮ್ಯಾಲಕ್ಕ ಎತ್ತತೈತಿ, ಅದು ಅಲ್ಲೇ ಬೀಳತೈತಿ" ಎಂದ ಅವನು. "ನಡುವ ಗುಡ್ಡ ಐತಿ. ದಾಟಿ ಬರಾಕ ಕಲ್ಲಿಗೇನು ಕಾಲು ಅದಾವ?"

ಜನ ನಕ್ಕರು. ಶಾಂಭವಿ ಎದ್ದು ನಿಂತಳು. "ಕಾಲು ಬೇಕಾಗಿಲ್ಲ ಚಿಕ್ಕಪ್ಪ. ಓರೆಯಾಗಿ ಸಿಡಿದ ಕಲ್ಲು ಮ್ಯಾಲೆ ಏರ್ತಾನೇ ಮುಂದಕ್ಕೂ ಹೋಗತೈತಿ. ಗುಡ್ಡಕ್ಕಿಂತ ಮ್ಯಾಲೆ ಏರಿದ್ರ ಗುಡ್ಡ ಅದಕ್ಕ ಅಡ್ಡ ಆಗಂಗಿಲ್ಲ!"

"ಸಾಕ್ಷಿ ಏನೈತಿ?"

ಸಾಕ್ಷಿಯನ್ನು ಅರ್ಧ ಅವನು ಒಯ್ದಿದ್ದ, ಅರ್ಧ ಈರಕ್ಕ ಸಾರಿಸಿದ್ದಳು. ಹಿರಿಯನೊಬ್ಬ ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದ.

ಆಗ ಗುಡ್ಡದ ಆಚೆಯಿಂದ, ಮದ್ದಿಗೆ ಬೆಂಕಿ ಇಡುವ ಮುಂಚೆ ಊದುವ ಸೀಟಿ ಕೇಳಿತು.

ಏಕಾಂತಪ್ಪ ಕುರ್ಚಿ ಬಿಟ್ಟೆದ್ದ. ಪಂಚೆ ಎತ್ತಿಕೊಂಡು ಒಂದೇ ಉಸಿರಿಗೆ ಗುಡಿಯ ಮೆಟ್ಟಿಲು ಹತ್ತಿ, ಕಲ್ಲುಚಪ್ಪಡಿಯ ಮಾಡಿನ ಕೆಳಗೆ ಹೋಗಿ ನಿಂತ.

ಬಯಲಲ್ಲಿ ಯಾರೂ ಮಿಸುಕಲಿಲ್ಲ. ಭರಮಮ್ಮ ಕೂತಲ್ಲಿಂದಲೇ ಕೇಳಿದಳು: "ಯಾಕ್ರಿ ಸಾವ್ಕಾರ್ರ, ಎದ್ದು ಹೋದ್ರಿ? ನಡುವ ಗುಡ್ಡ ಐತಲ್ರಿ?"

ಕಡ್ಡಿ ಹಿರಿಯನ ಬೆರಳಲ್ಲೇ ಉರಿದು ಆರಿತು. ಈರಕ್ಕ ಗುಡಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎದ್ದು ಬಂದು, ಭರಮಮ್ಮನ ಪಕ್ಕದಲ್ಲಿ, ತೆರೆದ ಬಯಲಲ್ಲಿ ಕೂತಳು. ಮುರಿಯದ ಕೈಯನ್ನು ಆಕೆಯ ಭುಜದ ಮೇಲೆ ಹಾಕಿದಳು.

ಎರಡನೇ ಸೀಟಿ ಆಯಿತು.

"ಏಳ್ರೇ ಹುಚ್ಚಿಗಳಾ!" ಶಾಂಭವಿ ಅಳುತ್ತಲೇ ಚೀರಿದಳು. ಭರಮಮ್ಮನ ರಟ್ಟೆ, ಈರಕ್ಕನ ಮುರಿಯದ ಕೈ ಹಿಡಿದು ಗುಡಿಯ ಕಡೆಗೆ ಎಳೆದಳು. "ಗೆದ್ದೀರಿ, ಸಾಕು, ಒಳಗ ನಡೀರಿ! ಕಲ್ಲು ಬರ್ತಾವ!"