ಕೈವಾರದ ಕಾಲಿಗೆ ಅಡಿಕೆ ಹಾಳೆ

ಪೆಟ್ಟಿಗೆಯ ಮಖಮಲ್ಲು ನೀಲಿ ಎಂದು ಬರೆದು, ಹೊಡೆದು ಹಾಕಿದೆ. ಹಸಿರಿದ್ದೀತು. ಬಣ್ಣ ಹಾಗಿರಲಿ, ಪೆಟ್ಟಿಗೆಯೊಳಗೆ ಹಿತ್ತಾಳೆಯ ಕೈವಾರ ಮಲಗಿತ್ತು, ಪಕ್ಕದಲ್ಲಿ ಎರಡು ಮೊನೆಯ ಡಿವೈಡರ್, ಶಾಯಿಗೆರೆ ಎಳೆಯುವ ಪೆನ್ನುಗಳು. ಇಷ್ಟು ನಿಜ. ನನಗೆ ಅದು ಬೇಕೇ ಬೇಕಿತ್ತು ಎಂಬುದು ಇನ್ನೂ ನಿಜ.

ಎರಡು ಸಾವಿರದ ನಾಲ್ಕೋ ಐದೋ. ಕೊಪ್ಪದ ಎಂಜಿನಿಯರರೊಬ್ಬರ ಆಫೀಸಿನಲ್ಲಿ ನಾನು ಮನೆಗಳ ನಕ್ಷೆ ಬರೆಯುತ್ತಿದ್ದೆ. ನರಸಿಂಹರಾಜಪುರದಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರಿಗೆ ಕೈ ನಡುಗುತ್ತದಂತೆ, ತಮ್ಮ ಹಳೆಯ ಸಲಕರಣೆಯನ್ನು ಯೋಗ್ಯರಿಗೆ ಕೊಟ್ಟುಬಿಡುತ್ತಾರಂತೆ ಎಂದು ಕೇಳಿ ಭಾನುವಾರದ ಬಸ್ಸು ಹತ್ತಿದೆ. ಯೋಗ್ಯತೆಗೆ ಒಂದು ಪರೀಕ್ಷೆಯಿತ್ತು: ಒಂದೇ ಕೇಂದ್ರದಿಂದ ಎಂಟು ವೃತ್ತ, ಶಾಯಿಯಲ್ಲಿ. ಪರೀಕ್ಷಕರು ಮಾಸ್ತರರ ಹೆಂಡತಿ, ನಾನು ಅಮ್ಮ ಎಂದು ಕರೆದವರು. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಕೂಡಿತೆಂದು ಅವರು ಬೆರಳಿಟ್ಟು ತೋರಿಸಿದರೆ ಫೇಲು.

“ಆರು ಜನ ಬಂದು ಹೋದ್ರು ಮಾರಾಯ್ತಿ,” ಮಾಸ್ತರರು ಹೇಳಿದರು. “ಎಲ್ಲರದ್ದೂ ಇವಳು ಹಿಡಿದ್ಲು.”

“ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು,” ಎಂದರು ಅಮ್ಮ.

ನಾನು ಪೆನ್ನಿಗೆ ಶಾಯಿ ತುಂಬಿ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುವಷ್ಟರಲ್ಲಿ ಮಾಸ್ತರರು ಕೈವಾರದ ವಂಶಾವಳಿ ತೆಗೆದರು. ಮೊದಲು ಗೂಟ ಮತ್ತು ಹಗ್ಗ. ಆಮೇಲೆ ಕಂಚಿನ ಎರಡು ಕಾಲು, ಎರಡಕ್ಕೂ ಮೊನೆ. ಅದು ಗೆರೆ ಬರೆಯುತ್ತಿರಲಿಲ್ಲ, ಗೀರುತ್ತಿತ್ತು. ಎಷ್ಟೋ ಕಾಲದ ಮೇಲೆ ಒಂದು ಕಾಲಿನ ತುದಿ ಕಳಚಿ ಸೀಸವನ್ನೋ ಶಾಯಿಯ ಪೆನ್ನನ್ನೋ ಸಿಕ್ಕಿಸುವ ಉಪಾಯ ಬಂತು.

“ಪರೀಕ್ಷೆ ಬರೆಯೋರ ಕಿವಿಯಲ್ಲಿ ಪಾಠ ಮಾಡ್ತಾರೇನ್ರೀ?” ಅಮ್ಮ ಗದರಿದರು.

ನಾಲ್ಕು ವೃತ್ತ ಚೆನ್ನಾಗಿಯೇ ಬಂದವು. ಐದನೆಯದಕ್ಕೆ ಸೂಜಿಮೊನೆ ಕೇಂದ್ರದ ತೂತನ್ನು ಅಗಲ ಮಾಡಿತ್ತು. ಆರನೆಯದರ ಎರಡು ತುದಿ ಕೂದಲೆಳೆಯಷ್ಟು ತಪ್ಪಿ ಕೂಡಿದವು. ಅಮ್ಮನ ಬೆರಳು ನೇರ ಅಲ್ಲಿಗೇ ಹೋಯಿತು.

ಅಳು ಬರುವಂತಿತ್ತು. ಇಲ್ಲ, ಸಿಟ್ಟು. ಎರಡರಲ್ಲಿ ಯಾವುದೋ ಒಂದು.

ನನ್ನ ಮುಖ ನೋಡಿಯೋ ಏನೋ ಅಮ್ಮ ಬಗ್ಗಿ ಆ ತೂತನ್ನು ನೋಡಿದರು. “ಗೋಣಿ ಹೊಲಿವಾಗ ದಬ್ಬಣ ಚುಚ್ಚಬಾರದು ಅಂತ ನಮ್ಮ ತವರು ನೆಮ್ಮಾರಲ್ಲಿ ಬೆರಳಿಗೆ ಅಡಿಕೆ ಹಾಳೆ ತುಂಡು ಕಟ್ಕೊಳ್ತಿದ್ವಿ. ಈ ಕಾಗದಕ್ಕೂ ಒಂದು ಕೊಟ್ರೆ ಎಂತ?”

“ಡ್ರಾಯಿಂಗ್ ಬೋರ್ಡಿನ ಮೇಲೆ ಅಡಿಕೆ ಹಾಳೆಯಾ! ಪಾಯಸವೂ ಬಡಿಸಿಬಿಡು,” ಎಂದರು ಮಾಸ್ತರರು.

ಆಫೀಸಿನಲ್ಲಿ ಬಹಳ ದಿನ ನಾನು ಈ ಉಪಾಯ ನನ್ನದೆಂದೇ ಹೇಳಿಕೊಂಡಿದ್ದೆ, ನಂಬಿಯೂ ಇದ್ದೆ. ಈಗ ಬರೆಯುವಾಗ ಕಿವಿಗೆ ಬೀಳುವುದು ಅಮ್ಮನ ದನಿ. ಗುಂಡಿಯಷ್ಟಗಲದ ಹಾಳೆಯ ಬಿಲ್ಲೆ ಕತ್ತರಿಸಿಕೊಟ್ಟದ್ದು ಅವರೇ. ನಡುವೆ ಸೂಜಿ ತೂರಿಸಿ ಹೊಸ ಕಾಗದದ ಕೇಂದ್ರದ ಗುರುತಿನ ಮೇಲೆ ಕೂರಿಸಿ, ಅನ್ನದ ಅಗುಳಿನಿಂದ ಅಂಟಿಸಿದೆ. ಪೆಟ್ಟಿಗೆಯ ಮಖಮಲ್ಲಿನಲ್ಲಿ ಅಷ್ಟೇ ಅಗಲದ ಖಾಲಿ ಗುಳಿಯೊಂದಿತ್ತು. ಮಾಸ್ತರರು ಅದರಲ್ಲಿ ಪೆಪ್ಪರಮಿಂಟು ಇಡುತ್ತಿದ್ದರು. ಅಲ್ಲಿ ಇರಬೇಕಾದದ್ದು ಕೊಂಬಿನ ತೆಳು ಬಿಲ್ಲೆ, ಕೇಂದ್ರದ ತೂತು ಅಗಲವಾಗದಂತೆ ಕಾಗದದ ಮೇಲೆ ಇಡುವಂಥದ್ದು ಎಂದು ಹಳೆಯ ಕ್ಯಾಟಲಾಗೊಂದರ ಚಿತ್ರ ನೋಡಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇನ್ನೊಮ್ಮೆ ಎಂಟು ವೃತ್ತ ಎಳೆದೆ. ಅಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಲೆಕೆಳಗು ಮಾಡಿದರು, ಕನ್ನಡಕ ತೆಗೆದರು, ಹಾಕಿದರು.

“ಇಲ್ಲ ಮಾರಾಯ್ತಿ. ಸಿಗೂದಿಲ್ಲ.”

ಪೆಟ್ಟಿಗೆ ನನ್ನ ಕೈಗೆ ಬಂತು. ಎದೆಗೊತ್ತಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ ಮಾಸ್ತರರು, “ತಡಿ, ಒಂದೇ ಒಂದು,” ಎಂದು ಕೈವಾರ ಕೇಳಿದರು. ಮೊನೆಯನ್ನು ಹಾಳೆಯ ಬಿಲ್ಲೆಯಲ್ಲಿ ಊರಿದರು. ಕೈ ನಡುಗುತ್ತಲೇ ಇತ್ತು, ಮೊನೆ ಮಾತ್ರ ಕದಲಲಿಲ್ಲ. ಗೆರೆ ಅಲ್ಲಲ್ಲಿ ದಪ್ಪ ತೆಳು ಆಗುತ್ತ ಸುತ್ತು ಬಂದು ಕೂಡಿಕೊಂಡಿತು. ಅವರು ಇನ್ನೊಂದು ಎಳೆದರು. ಮತ್ತೊಂದು. ಕಾಗದ ತುಂಬಿದ ಮೇಲೆ ಗೋಡೆಯ ಕ್ಯಾಲೆಂಡರ್ ಕಿತ್ತು ಹಿಂಬದಿಗೆ ತಿರುಗಿಸಿದರು.

“ಓಯ್, ಅದ್ರಲ್ಲಿ ಹಾಲಿನ ಲೆಕ್ಕ ಉಂಟು!” ಎಂದು ಕೂಗಿದ ಅಮ್ಮ ಬಾಗಿಲಿಗೆ ಒರಗಿ ನಗತೊಡಗಿದರು, ನನಗೂ ತಡೆಯಲಾಗಲಿಲ್ಲ.

ಕೈವಾರ ವಾಪಸು ಕೇಳಲಿಲ್ಲ, ಪೆಟ್ಟಿಗೆಯನ್ನೂ ಮೇಜಿನ ಮೇಲೇ ಇಟ್ಟು ಬಂದೆ. ಮುಂದಿನ ಭಾನುವಾರ ಹೋಗುವಾಗ ಕೊಪ್ಪದಿಂದ ಎರಡು ಬಾಟಲಿ ಶಾಯಿ ಒಯ್ದೆ, ಒಂದು ಅವರಿಗೆ.