ಕೇಳದ ಪ್ರಶ್ನೆಗೆ ‘ಇಲ್ಲ’

ಶಹಾಪುರದ ಕಾಲೇಜಿನಲ್ಲಿ ನಾನು ಪ್ರೋಗ್ರಾಮಿಂಗ್ ಪಾಠ ಹೇಳುತ್ತೇನೆ. ಹೌದು ಅಥವಾ ಇಲ್ಲ, ಇವೆರಡನ್ನೇ ಹಿಡಿದಿಡುವ ಬೂಲಿಯನ್ ಎಂಬ ಡೇಟಾ ಟೈಪಿಗೆ ನೀವು ಯಾವ ಬೆಲೆಯನ್ನೂ ಕೊಡದಿದ್ದರೆ ಜಾವಾ ಭಾಷೆ ತಾನೇ ‘ಇಲ್ಲ’ ಎಂದು ಇಟ್ಟುಕೊಳ್ಳುತ್ತದೆ, ಅಂಕಿಯಾದರೆ ಸೊನ್ನೆ. ಇದಕ್ಕೆ ಡೀಫಾಲ್ಟ್ ಅನ್ನುತ್ತಾರೆ. ವರ್ಷಗಟ್ಟಲೆ ಇದನ್ನೇ ಹೇಳಿದ್ದೇನೆ, ಒಮ್ಮೆಯೂ ಸಿಟ್ಟು ಬಂದಿರಲಿಲ್ಲ.

ಬಂದದ್ದು ತಂಗಿಯ ಕುಬಸದ ಮರುದಿನ. ಸೀಮಂತ ಮುಗಿಸಿ ಏಳು ತಿಂಗಳ ಬಸುರಿಯನ್ನು ಸುರಪುರದ ಗಂಡನ ಮನೆಯಿಂದ ಹತ್ತಿಕುಣಿಯ ನಮ್ಮ ಮನೆಗೆ ಕರೆತಂದಿದ್ದೆವು. ಊರಿನ ಆರೋಗ್ಯ ಕಾರ್ಯಕರ್ತೆ ಬಂದು ಮೊಬೈಲಿನಲ್ಲಿ ಅವಳ ವಿವರ ತುಂಬಿ, “ಎಲ್ಲಾ ಛಲೋ ಅದರಿ, ಹೆರಿಗಿ ಇಲ್ಲೇ ಆಗ್ತದ” ಅಂದಳು. ಛಲೋ ಹೇಗಾದೀತು? ತಂಗಿಯ ಮೊದಲ ಗಂಡುಕೂಸು ಹುಟ್ಟಿದ ದಿನವೇ ತೀರಿಹೋಗಿತ್ತು. ಅವಳೂ ಸಾವಿನ ಬಾಯಿಂದ ಬಂದಿದ್ದಳು.

ಮೊಬೈಲ್ ಇಸಿದುಕೊಂಡು ನೋಡಿದೆ. ‘ಹಿಂದೆ ಮಗು ತೀರಿಕೊಂಡಿದೆಯೇ?’ ಎಂಬುದರ ಎದುರಿಗೆ ‘ಇಲ್ಲ’ ಎಂದಿತ್ತು.

“ಇದನ್ನ ಯಾರು ಹೇಳಿದ್ರು ನಿಮಗ?”

“ನಾ ಕೇಳೇ ಇಲ್ಲರಿ ಅಕ್ಕಾರ. ಉಡಿ ತುಂಬಿಸ್ಕೊಂಡ ಹೆಣ್ಮಗಳ ಮುಂದ ಸತ್ತ ಕೂಸಿನ ಮಾತು ಹೆಂಗ ತೆಗೀಲಿ? ಅದನ್ನ ಮುಟ್ಟದೆ ಮುಂದ ಹೋದೆ.”

ಅವಳದೇನು ತಪ್ಪು? ನಮ್ಮಲ್ಲಿ ಬಸುರಿಯ ಎದುರು ಆ ಮಾತು ಯಾರೂ ಎತ್ತುವುದಿಲ್ಲ. ಅವ್ವ ಆ ಕೂಸಿನ ಸುದ್ದಿಯನ್ನೇ ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ನನ್ನ ಮೈ ಉರಿದದ್ದು ಆ ಆ್ಯಪ್ ಬರೆದ ಪುಣ್ಯಾತ್ಮನ ಮೇಲೆ. ನಾನು ಕಲಿಸುವ ಅದೇ ಡೀಫಾಲ್ಟನ್ನು ಹಾಗೇ ಬಿಟ್ಟು ಕೈತೊಳೆದುಕೊಂಡಿದ್ದ. ಕೇಳಿಲ್ಲ ಎಂಬುದೇ ಬೇರೆ, ಇಲ್ಲ ಎಂಬುದೇ ಬೇರೆ. ಉತ್ತರ ಕೊಡದೆ ಮುಂದೆ ಹೋಗದಂತೆ ಒಂದು ಸಾಲು ಬರೆದಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ನನ್ನ ತಂಗಿಯ ಪರವಾಗಿ ಉತ್ತರ ಹೇಳಲು ಅವನ್ಯಾರು? ಇದನ್ನೆಲ್ಲ ಬಾಯಿಬಿಟ್ಟೇ ಅಂದೆ.

“ಮೆಲ್ಲಗ ಮಾತಾಡು, ಆಕಿಗಿ ಕೇಳಸ್ತದ,” ಅವ್ವ ಗದರಿದಳು.

ಕೇಳಿಸಿಯೇಬಿಟ್ಟಿತ್ತು. ತಂಗಿ ಹಸಿರು ಬಳೆಯ ಕೈಯಿಂದ ಬಾಗಿಲು ಹಿಡಿದುಕೊಂಡು ಹೊರಬಂದಳು.

“ಇಲ್ಲ ಅಂತ ಯಾಕ ಬರದೀರಿ? ನಾ ಹಡದೀನಿ ಅವನ್ನ. ಹೌದು ಅಂತ ಒತ್ರಿ.”

ಕಾರ್ಯಕರ್ತೆ ಒತ್ತಿದಳು. ಪರದೆ ಕೆಂಪಾಯಿತು, ಹೆರಿಗೆಗೆ ಯಾದಗಿರಿಯ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಬಂತು. ನನಗೆ ಉಸಿರು ಬಂತು. ತಂಗಿ ಮಾತ್ರ ಇನ್ನೂ ಆ ಮೊಬೈಲನ್ನೇ ನೋಡುತ್ತಿದ್ದಳು.

“ಅವಂಗ ಒಂದು ಹೆಸರಿಟ್ಟಿದ್ದೆ ಅಕ್ಕಾ,” ಅಂದಳು. “ಅದನ್ನ ಕೇಳಂಗಿಲ್ಲೇನು ಇದು?”