ಮಾಲೆ ಹಾಕಿದ ಮಾವ

ನನ್ನ ಸೋದರಮಾವನ ಹೆಬ್ಬೆರಳಿಗೂ ತೋರುಬೆರಳಿಗೂ ಸದಾ ಬೂದಿ ಮೆತ್ತಿಕೊಂಡಿರುತ್ತಿತ್ತು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳವರಿಗೆ ಇದೇನೂ ಹೊಸದಲ್ಲ. ಮಗ್ಗದ ಮೇಲಿನ ನೂಲು ಮುಗಿಯುತ್ತಾ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು, ಒಂದೊಂದಾಗಿ ಸಾವಿರಾರು ಎಳೆ. ಮಾವ ಹೊಸೆದ ಜಾಗ ಕಣ್ಣಿಗೇ ಬೀಳುತ್ತಿರಲಿಲ್ಲ. ಅದೇ ಬೆರಳುಗಳು ಬೆಳಿಗ್ಗೆ ಎದ್ದಾಗ ಕಾಫಿ ಲೋಟ ಹಿಡಿಯಲಾರದೆ ನಡುಗುತ್ತಿದ್ದವು. ಮೂಲೆಯ ಬಾರಿಗೆ ಹೋಗಿ ಒಂದು ನೈಂಟಿ ಹಾಕಿಕೊಂಡು ಬಂದ ಮೇಲೆಯೇ ನಡುಕ ನಿಂತು ಮಗ್ಗ ಶುರುವಾಗುತ್ತಿದ್ದದ್ದು.

ಅಪ್ಪ ತೀರಿಕೊಂಡಾಗ ಅಮ್ಮನನ್ನೂ ನನ್ನನ್ನೂ ನೆಲಮಂಗಲದಿಂದ ಕರೆತಂದು ಮನೆಯಲ್ಲಿಟ್ಟುಕೊಂಡವರು ಈ ಮಾವ. ಯಾರನ್ನೂ ಕೇಳಲಿಲ್ಲ. "ನಮ್ಮಕ್ಕ ಇನ್ನೆಲ್ಲಿಗೆ ಹೋಗ್ತಾಳೆ?" ಅಂದರಂತೆ, ಅಷ್ಟೇ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, "ಏನ್ ತಾಯೀ, ಊಟ ಆಯ್ತಾ?" ಅನ್ನುವರು. ಅವರು ಕುಡಿದ ದಿನಗಳಲ್ಲೂ ಆ ಮನೆಯಲ್ಲಿ ನನಗೆ ಭಯ ಅಂದರೆ ಏನೆಂದು ಗೊತ್ತಿರಲಿಲ್ಲ.

ಮಗ್ಗದ ಸದ್ದಿನಲ್ಲಿ ಬದುಕುವ ನಮ್ಮ ಬೀದಿಯ ಜನಕ್ಕೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಒಮ್ಮೆ ಅತ್ತೆ ಆ ಗಲಾಟೆಯ ಮೇಲೆ ದನಿಯೇರಿಸಿ "ಬೆಳಬೆಳಿಗ್ಗೇನೇ ಕುಡ್ಕೊಂಡು ಬಂದಿದೀರಲ್ರೀ, ನಾಚ್ಕೆ ಆಗಲ್ವಾ?" ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು, ಅತ್ತೆಯ ಕೊನೆಯ ಮಾತು ಬೀದಿಯ ಆ ತುದಿಗೂ ಕೇಳಿತು. ಮಾವ ಬಾಗಿಲಿಗೆ ಬಂದು ಎದುರುಮನೆಯವರಿಗೆ ಕೈಮುಗಿದು, "ಕೇಳಿಸ್ತಲ್ಲ? ಇನ್ನೊಂದ್ಸಲ ಹೇಳೋದು ಬೇಡ ಬಿಡಿ" ಅಂದರು. ಅತ್ತೆಯೂ ನಕ್ಕುಬಿಟ್ಟರು, ಆಮೇಲೆ ಒಳಗೆ ಹೋಗಿ ಅತ್ತರು.

ಆದರೆ ಪ್ರತಿ ವರ್ಷ ಕಾರ್ತಿಕದಲ್ಲಿ ಮಾವ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಕಪ್ಪು ಪಂಚೆ, ತಣ್ಣೀರ ಸ್ನಾನ, ನೆಲದ ಮೇಲೆ ಚಾಪೆ. ಮಂಡಲ ಮುಗಿಸಿ ಬೆಟ್ಟ ಹತ್ತಿ ಬರುವವರೆಗೆ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಮಾಲೆ ಹಾಕಿದವರನ್ನು ಎಲ್ಲರೂ ಸ್ವಾಮಿ ಎಂದೇ ಕರೆಯಬೇಕಲ್ಲ, ವರ್ಷವಿಡೀ "ಲೇ ಕುಡುಕ" ಅನ್ನುತ್ತಿದ್ದ ಅಮ್ಮನೂ "ಸ್ವಾಮಿ, ತಿಂಡಿ ಮಾಡಿ" ಅನ್ನುತ್ತಿದ್ದಳು. ಮಾವ ಆ ಕರೆಗೆ ಮಕ್ಕಳ ಹಾಗೆ ಖುಷಿಪಡುತ್ತಿದ್ದರು. ಮಾಲೆ ತೆಗೆದ ದಿನ ಮಾತ್ರ ಮುಖ ಸಣ್ಣಗಾಗುತ್ತಿತ್ತು. "ನಾಳೆಯಿಂದ ಮತ್ತೆ ಲೇ ಅಂತಾರೆ ತಾಯೀ" ಅನ್ನುವರು. ವಾರ ಕಳೆಯುವಷ್ಟರಲ್ಲಿ ಮತ್ತೆ ಬಾರು.

ಎಲ್ಲರ ವಾದಕ್ಕೂ ಆ ಮಾಲೆಯೇ ಆಧಾರ. "ಮಾಲೆ ಹಾಕ್ದಾಗ ಬಿಡಕ್ಕಾಗತ್ತೆ, ತೆಗೆದ್ಮೇಲೆ ಆಗಲ್ವಾ? ಕೊಬ್ಬು" ಎನ್ನುತ್ತಿದ್ದಳು ಅಮ್ಮ. ನಾನೂ ಒಂದು ಸಲ ಮೆಲ್ಲಗೆ ಅದನ್ನೇ ಕೇಳಿದೆ. ಮಾವ ಸಿಟ್ಟಾಗಲಿಲ್ಲ.

"ತಾಯೀ, ಉಸಿರು ಹಿಡ್ಕೋ ನೋಡೋಣ" ಅಂದರು. ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೇ ಬಿಟ್ಟೆ.

"ಯಾಕ್ ಬಿಟ್ಟೆ? ಮನಸ್ಸು ಮಾಡಿದ್ರೆ ಇನ್ನೂ ಹಿಡ್ಕೋಬೋದಿತ್ತಲ್ಲ?" ಅಂದು ನಕ್ಕರು. "ಸ್ವಾಮಿ ಮಾಲೆ ಕತ್ತಿನಲ್ಲಿದ್ರೆ ಹೆಂಗೋ ಹಿಡ್ಕೊಂಡಿರ್ತೀನಿ. ಅಷ್ಟೇ ನನ್ನ ಕೈಲಾಗೋದು."

ಹೋದ ವರ್ಷ ಯುಗಾದಿ ಕಳೆದ ಮೇಲೆ ಅತ್ತೆಗೆ ಸಾಕಾಯಿತು. ಹೊಸಕೋಟೆಯ ತವರಿಗೆ ಹೋಗಿಬಿಡುತ್ತೇನೆ ಅಂದರು, ಬಟ್ಟೆಯನ್ನೂ ತುಂಬಿಕೊಂಡರು. ಕರೆದೊಯ್ಯಲು ಬಂದ ಅವರಣ್ಣನೇ ಉಪಾಯ ಹೇಳಿದ. ಕಾರ್ತಿಕದವರೆಗೆ ಕಾಯುವುದೇಕೆ, ಇವತ್ತೇ ಮಾಲೆ ಹಾಕಿಸಿಬಿಡೋಣ. ಬೀದಿಯ ಗುರುಸ್ವಾಮಿಗೂ ಸರಿಯೆನಿಸಿತು. ಮಾವ ಮಾತ್ರ "ಒಂದ್ ಹದಿನೈದು ದಿನ ಟೈಮ್ ಕೊಡಿ" ಅಂದರು. "ಇನ್ನೂ ಹದಿನೈದು ದಿನ ಕುಡಿಯಕ್ಕಾ?" ಅಂದ ಅತ್ತೆಯ ಅಣ್ಣ. ಮಾವ ಅತ್ತೆಯ ಬ್ಯಾಗಿನ ಕಡೆ ನೋಡಿದರು. ಎದ್ದು ಸ್ನಾನಕ್ಕೆ ಹೋದರು. ಅತ್ತೆ ಬ್ಯಾಗು ಬಿಚ್ಚಿದರು.

ಮಾಲೆ ಹಾಕಿದ ಮೇಲೆ ಮಾವ ಎರಡು ದಿನ ಬೆವರಿದರು, ನಿದ್ದೆ ಮಾಡಲಿಲ್ಲ. ಮೂರನೆಯ ಸಂಜೆ ನಮ್ಮ ಮನೆಯಲ್ಲೇ ಭಜನೆ. ಶರಣು ಕೂಗುತ್ತಿದ್ದಂತೆ ಮಾವನ ಮೈಯೆಲ್ಲ ನಡುಗತೊಡಗಿತು. ಗೋಡೆಯ ಮೇಲೆ ಏನನ್ನೋ ನೋಡುತ್ತಾ, ಗಾಳಿಯಲ್ಲಿ ಎಳೆ ಹಿಡಿದು ಹೊಸೆಯುತ್ತಾ, "ತುಂಡಾಯ್ತು, ತುಂಡಾಯ್ತು" ಅಂದರು. ಸ್ವಾಮಿಯೇ ಮೈಮೇಲೆ ಬಂದ ಅಂದುಕೊಂಡರು ಎಲ್ಲರೂ. ಕರ್ಪೂರ ಬೆಳಗಿದರು, ಕಾಲಿಗೆ ಬಿದ್ದರು. "ಏನು ತುಂಡಾಯ್ತು ಸ್ವಾಮಿ? ನಮ್ಮಿಂದ ಏನ್ ತಪ್ಪಾಯ್ತು?" ಎಂದು ಗುರುಸ್ವಾಮಿ ಕೈಮುಗಿದು ಕೇಳಿದರು. ಅಷ್ಟು ಜನ ತಮ್ಮ ಕಾಲಿಗೆ ಬಿದ್ದದ್ದು ಮಾವನಿಗೆ ತಿಳಿದಿತ್ತೋ ಇಲ್ಲವೋ. ಫಿಟ್ಸ್ ಬಂದು ಬಿದ್ದು ಹಣೆ ಒಡೆದ ಮೇಲೆಯೇ ಆಟೋ ಕರೆಸಿದ್ದು.

ಆಸ್ಪತ್ರೆಯ ಡಾಕ್ಟರಮ್ಮ ಗದರಲಿಲ್ಲ, ಅದೇ ಹೆಚ್ಚು ನೋವಾಯಿತು. "ಇದು ಕಾಯಿಲೆ ಅಮ್ಮ. ಇಷ್ಟು ವರ್ಷ ಕುಡಿದೋರು ಒಂದೇ ಸಲಕ್ಕೆ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು. ಮಾತ್ರೆ ಕೊಟ್ಟು ಬಿಡಿಸ್ಬೇಕು. ಬೆವರೋಕೆ ಶುರುವಾದಾಗ್ಲೇ ಕರ್ಕೊಂಡು ಬರ್ಬೇಕಿತ್ತು" ಅಂದರು. ಅತ್ತೆ ಗೋಡೆಗೆ ಒರಗಿ ನಿಂತೇ ಇದ್ದರು. ನರ್ಸ್ ಕತ್ತಿನ ಮಾಲೆ ತೆಗೆಯಲು ಹೋದಾಗ ಮಾವನಿಗೆ ಒಂದು ಗಳಿಗೆ ಎಚ್ಚರವಾಯಿತು. "ತೆಗೀಬೇಡಿ ಸಿಸ್ಟರ್. ತೆಗೆದ್ರೆ ಹೋಗಿ ಕುಡ್ದುಬಿಡ್ತೀನಿ. ಇವಳು ಊರಿಗೆ ಹೊರಟುಹೋಗ್ತಾಳೆ" ಅಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರು.

ಹೆಣ ಅಂಗಳದಲ್ಲಿದ್ದಾಗ ಮೂಲೆಯ ಬಾರಿನ ಕ್ಯಾಷಿಯರ್ ಬಂದ. ಒಳಗೆ ಬರಲು ಹಿಂಜರಿದು ಗೇಟಿನ ಬಳಿಯೇ ನಿಂತ. "ಪ್ರತಿ ವರ್ಷ ದೀಪಾವಳಿ ಆಗ್ತಿದ್ದಂಗೆ ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೊಂಡು ಬರೋರಮ್ಮ. ಇಳಿಸಿ ಇಳಿಸಿ ಆಮೇಲೆ ಮಾಲೆ ಹಾಕೋರು. ಈ ಸಲ ಒಂದೇ ಸಲ ಬರೋದು ನಿಲ್ಲಿಸಿಬಿಟ್ರು" ಅಂದ. ಹದಿನೈದು ದಿನ ಕೇಳಿದ್ದು ಅದಕ್ಕೆ. ಕುಡಿತ ಬಿಡಲು ಮಾವ ಪಡುತ್ತಿದ್ದ ಪಾಡು ಮನೆಯವರಿಗಿಂತ ಬಾರಿನವನಿಗೇ ಹೆಚ್ಚು ಗೊತ್ತಿತ್ತು.

ಚಟವೋ ಕಾಯಿಲೆಯೋ ಎಂದು ಈಗಲೂ ನಮ್ಮ ಬೀದಿಯಲ್ಲಿ ವಾದ ನಡೆಯುತ್ತದೆ. ಮೊದಲ ಗ್ಲಾಸನ್ನು ಮಾವನೇ ಎತ್ತಿಕೊಂಡಿದ್ದಿರಬೇಕು, ಯಾರೂ ಬಾಯಿಗೆ ಸುರಿದಿರಲಾರರು. ಆಮೇಲಿನದು ಅವರ ಕೈಯಲ್ಲಿರಲಿಲ್ಲ. ಬೆಳಗಿನ ಹೊತ್ತು ಆ ಕೈಗಳನ್ನು ನೋಡಿದವಳು ನಾನು. ಅವರು ಕುಡಿದು ಸತ್ತರು ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ, ಜಗಳಕ್ಕೇ ನಿಲ್ಲುತ್ತೇನೆ. ಸಾಯುವಾಗ ಅವರು ಒಂದು ತೊಟ್ಟೂ ಕುಡಿದಿರಲಿಲ್ಲ.

ಅವತ್ತು ಹೆಣ ಎತ್ತುವ ಮೊದಲು ಗುರುಸ್ವಾಮಿ ಬಂದು ಮಾವನ ಕತ್ತಿನಿಂದ ಮಾಲೆ ತೆಗೆದರು. ನಾನು ಅಮ್ಮನನ್ನೇ ನೋಡುತ್ತಿದ್ದೆ. ಮಾಲೆ ಹೋದ ಮೇಲೂ ಅವಳು ತಮ್ಮನ ತಲೆ ಸವರುತ್ತಾ, "ಏಳಿ ಸ್ವಾಮಿ, ತಿಂಡಿ ಮಾಡಿ, ಏಳಿ ಸ್ವಾಮಿ" ಎಂದೇ ಕರೆಯುತ್ತಿದ್ದಳು.